ಎರಡನೇ ಮಹಾಯುದ್ಧ ತಿರುಗಿದ್ದು ಎಲ್ಲಿ? ಸ್ಟಾಲಿನ್‌ಗ್ರಾಡ್‌ನಲ್ಲೋ, ಮಿಡ್‌ವೇಯಲ್ಲೋ, ಬೇರೆಲ್ಲೋ?

ಹೇಮಾವತಿ ತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಮುಂದಿನ ವಾರ ಹತ್ತನೇ ತರಗತಿಗೆ ಎರಡನೇ ಮಹಾಯುದ್ಧ. ಸಿಗುವ ಪೀರಿಯಡ್ಡೇ ಕಡಿಮೆ. ಪೋಲೆಂಡ್ ಮೇಲೆ ದಾಳಿ, ಪರ್ಲ್ ಹಾರ್ಬರ್, ಹಿರೋಷಿಮಾ ಎಂದು ಮೂರು ಹೆಜ್ಜೆಗೆ ಯುದ್ಧ ಮುಗಿಸಿಬಿಡುವುದು ರೂಢಿ. ಕಳೆದ ವರ್ಷ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಮಿಸ್, ಅಲ್ಲೀವರೆಗೂ ಜರ್ಮನಿ, ಜಪಾನ್ ಗೆಲ್ತಾನೇ ಇದ್ವಲ್ಲ, ಎಲ್ಲಾ ಕಡೆ ಒಂದೇ ಸಲ ಸೋಲೋಕೆ ಹೇಗೆ ಶುರುವಾಯ್ತು?" ಆ ಪ್ರಶ್ನೆ ನನ್ನ ತಲೆಯಲ್ಲಿ ಹಾಗೇ ಉಳಿದಿದೆ.

ನಾನೇ ಒಂದು ಕಾಲಾನುಕ್ರಮ ಹಾಕಿ ನೋಡಿದೆ. 1942ರ ಜೂನ್‌ನಲ್ಲಿ ಪೆಸಿಫಿಕ್ ಸಾಗರದಲ್ಲಿ ಮಿಡ್‌ವೇ ಕಾಳಗ, ಜಪಾನಿಗೆ ಸೋಲು. ಅಕ್ಟೋಬರ್ ಕೊನೆಗೆ ಈಜಿಪ್ಟಿನಲ್ಲಿ ಎಲ್ ಅಲಮೈನ್ ಕಾಳಗ. ನವೆಂಬರ್ 19ಕ್ಕೆ ಸ್ಟಾಲಿನ್‌ಗ್ರಾಡ್ ಸುತ್ತ ರಷ್ಯನ್ನರ ಪ್ರತಿದಾಳಿ, 1943ರ ಫೆಬ್ರುವರಿ 2ಕ್ಕೆ ಅಲ್ಲಿದ್ದ ಜರ್ಮನ್ನರ ಪೂರ್ತಿ ಶರಣಾಗತಿ. ಅದೇ ಫೆಬ್ರುವರಿಯಲ್ಲಿ ಜಪಾನ್ ಪೆಸಿಫಿಕ್‌ನ ಗ್ವಾಡಲ್‌ಕೆನಾಲ್ ದ್ವೀಪ ಬಿಟ್ಟು ಹೋಯಿತು. ಮೇ 13ಕ್ಕೆ ಟ್ಯುನೀಷಿಯಾದಲ್ಲಿ ಜರ್ಮನಿ, ಇಟಲಿ ಸೈನ್ಯಗಳು ಕೈಚೆಲ್ಲಿದವು. ಒಂದು ವರ್ಷವೂ ತುಂಬಿಲ್ಲ, ಇಷ್ಟೆಲ್ಲ ಆಗಿಹೋಗಿದೆ. ಸಾವಿರಾರು ಮೈಲಿ ದೂರದ ರಣರಂಗಗಳು ಹೀಗೆ ಒಟ್ಟಿಗೆ ಮಗ್ಗುಲು ಬದಲಿಸಿದ್ದು ಕಾಕತಾಳೀಯವೇ, ಇಲ್ಲ ಇವನ್ನೆಲ್ಲ ಪೋಣಿಸಿದ ಎಳೆ ಯಾವುದಾದರೂ ಇದೆಯೇ? ಒಂದೇ ಒಂದನ್ನು ಆರಿಸಿ ಎಂದರೆ ನೀವು ಯಾವುದನ್ನು ಹೇಳುತ್ತೀರಿ? ಮಕ್ಕಳ ಕಣ್ಣಿಗೆ ಕಟ್ಟುವಂಥ ವಿವರ ಕೊಟ್ಟರೆ ಉಪಕಾರವಾಗುತ್ತದೆ.

ಮಾಳಮಡ್ಡಿ ಮಾಸ್ತರ:

ಮೇಡಂ, ಭಾಳ ಚಲೋ ಪ್ರಶ್ನೆ ಕೇಳೀರಿ. ನಾನೂ ಹೈಸ್ಕೂಲ್ ಮಾಸ್ತರಿಕಿ ಮಾಡಿ ನಿವೃತ್ತಿ ಆದಾಂವ. ನನ್ನ ಉತ್ತರ ಸ್ಟಾಲಿನ್‌ಗ್ರಾಡ್.

ಮಿಡ್‌ವೇ ದೊಡ್ಡದು, ಅದರಾಗ ಎರಡು ಮಾತಿಲ್ಲ. ಅಕಾಗಿ, ಕಾಗಾ, ಸೋರ್ಯು, ಹಿರ್ಯು ಅಂತ ಜಪಾನದ ನಾಕು ವಿಮಾನವಾಹಕ ಹಡಗುಗಳಿಗೆ ಒಂದ ದಿನದಾಗ ಬೆಂಕಿ ಬಿತ್ತು. ಆದರ ಜರ್ಮನ್ ಸೈನ್ಯದ ಬಹುಪಾಲು ಇದ್ದದ್ದು ರಷ್ಯಾದಾಗ. ಅದರ ಬೆನ್ನೆಲುಬು ಮುರಿಯದ ಈ ಯುದ್ಧ ಮುಗಿಯೂ ಹಂಗ ಇರಲಿಲ್ಲ.

ಸ್ಟಾಲಿನ್‌ಗ್ರಾಡ್ ಅಂದ ಕೂಡಲೇ ಎಲ್ಲಾರೂ ಓಣಿ ಓಣಿ ಕಾಳಗ, ಮುರದ ಮನಿ, ಬಂದೂಕು ಹಿಡಿದು ಅಡಗಿ ಕುಂತವರ ಕಥಿ ಹೇಳ್ತಾರ. ನಾನು ಹುಡುಗರಿಗೆ ಹೇಳತಿದ್ದದ್ದು ಬ್ಯಾರೆ. ಜರ್ಮನ್ ಜನರಲ್ ಪೌಲಸ್‌ನ ಆರನೇ ಸೈನ್ಯ ಶಹರದೊಳಗ ಸಿಕ್ಕೊಂಡು ಬಡದಾಡತಿತ್ತು. ಅದರ ಎಡಬಲಕ್ಕ ಉದ್ದಾನುದ್ದ ಬಯಲು ಕಾಯಕೋತ ಕುಂತವರು ರುಮೇನಿಯಾದ ಸೈನಿಕರು. ಟ್ಯಾಂಕ್ ಒಡಿಯೂ ತೋಪು ಅವರ ಹತ್ರ ಸಾಕಷ್ಟು ಇರಲಿಲ್ಲ. ರಷ್ಯಾದ ಸೇನಾಪತಿಗಳಾದ ಜುಕೋವ್, ವಾಸಿಲೆವ್‌ಸ್ಕಿ ಕಣ್ಣಿಟ್ಟದ್ದು ಆ ಪಕ್ಕೆಗಳ ಮ್ಯಾಲೆ. ನವೆಂಬರ್ 19ಕ್ಕ ಉತ್ತರದಿಂದ, 20ಕ್ಕ ದಕ್ಷಿಣದಿಂದ ನುಗ್ಗಿ 23ಕ್ಕ ಕಲಾಚ್ ಅನ್ನೂ ಊರಿನ ಹತ್ರ ಎರಡೂ ತುದಿ ಕೂಡಿಸಿಬಿಟ್ರು. ಒಳಗ ಸಿಕ್ಕವರು ಎರಡೂವರಿ ಲಕ್ಷಕ್ಕಿಂತ ಹೆಚ್ಚು.

ದಿನಕ್ಕ 500 ಟನ್ ಸಾಮಾನು ವಿಮಾನದಾಗ ಮುಟ್ಟಿಸ್ತೇನಿ ಅಂತ ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಮಾತು ಕೊಟ್ಟಿದ್ದ. ಸರಾಸರಿ ಮುಟ್ಟಿದ್ದು ಅದರ ಕಾಲು ಭಾಗನೂ ಅಲ್ಲ. ಡಿಸೆಂಬರ್ 24ರ ಮುಂಜಾನೆ ಬದಾನೋವ್ ಅನ್ನೂ ರಷ್ಯನ್ ಜನರಲ್ಲನ ಟ್ಯಾಂಕುಗಳು ತಾತ್ಸಿನ್‌ಸ್ಕಾಯಾ ವಿಮಾನ ನಿಲ್ದಾಣಕ್ಕ ನುಗ್ಗಿದವು. ಸಾಮಾನು ಒಯ್ಯೂ ಜಂಕರ್ಸ್ ವಿಮಾನಗಳು ಮಂಜಿನೊಳಗ ಗಾಬರಿ ಬಿದ್ದು ಏಳಾಕ ಹೊಂಟು, ಒಂದಕ್ಕೊಂದು ಡಿಕ್ಕಿ ಹೊಡದವು. ಇದನ್ನ ಹೇಳಿದಾಗ ಕ್ಲಾಸಿನಾಗ ಪಿಟ್ಟನ್ನದ ಕುಂತು ಕೇಳತಿದ್ದರು.

ಕಡೀಕ ಹಿಟ್ಲರ್ ಜನವರಿ 30ಕ್ಕ ಪೌಲಸ್‌ಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟ. ಅಲ್ಲೀಮಟ ಯಾವ ಜರ್ಮನ್ ಫೀಲ್ಡ್ ಮಾರ್ಷಲ್ಲೂ ಶರಣಾಗಿರಲಿಲ್ಲ. ಅಂದ್ರ ಶರಣಾಗಬ್ಯಾಡ, ಸಾಯಿ ಅಂತ ಅರ್ಥ. ಮರುದಿನ ಪೌಲಸ್ ಶರಣಾದ. ಸೆರೆ ಸಿಕ್ಕವರು ಸುಮಾರು 91,000. ಅವರೊಳಗ ವರ್ಷಗಟ್ಟಲೆ ಆದಮ್ಯಾಲೆ ತಿರುಗಿ ಮನಿ ಮುಟ್ಟಿದವರು ಐದಾರು ಸಾವಿರ ಮಂದಿ. ಇದಕ್ಕಿಂತ ದೊಡ್ಡ ತಿರುವು ನನಗ ಕಾಣೂದಿಲ್ಲ.

ಎರಡನೇ ಇಂಜಿನಿಯರ್:

ಟೀಚರ್, ಮಾಸ್ತರರು ಬರೆದ ಒಂದು ಅಕ್ಷರಕ್ಕೂ ನನ್ನ ತಕರಾರಿಲ್ಲ. ಆದರೆ ಅವರ ಕಥೆಯೊಳಗೇ ನೀವು ಕೇಳಿದ ಎಳೆ ಇದೆ. ಆರನೇ ಸೈನ್ಯ ಸತ್ತದ್ದು ಆ 500 ಟನ್ ಮುಟ್ಟದೆ. ಅಷ್ಟು ದೊಡ್ಡ ಸೈನ್ಯವಾದರೂ ಮದ್ದುಗುಂಡು, ಎಣ್ಣೆ, ರೊಟ್ಟಿ ಬಾರದಿದ್ದರೆ ಎರಡು ತಿಂಗಳಲ್ಲಿ ಮುಗಿಯಿತು. ಇನ್ನು ಇಡೀ ಬ್ರಿಟನ್ ಎಂಬ ದ್ವೀಪವನ್ನು ನೆನೆಸಿಕೊಳ್ಳಿ. ಹೆಚ್ಚುಕಡಿಮೆ ಎಲ್ಲ ಎಣ್ಣೆಯೂ, ಊಟದ ದೊಡ್ಡ ಪಾಲೂ ಹಡಗಿನಲ್ಲೇ ಬರಬೇಕು. ಅಮೆರಿಕದ ಸೈನಿಕರು, ಟ್ಯಾಂಕು, ವಿಮಾನ ಎಲ್ಲ ದಾಟಬೇಕಾದದ್ದು ಅದೇ ಕಡಲು. ನನ್ನ ಉತ್ತರ ಅಟ್ಲಾಂಟಿಕ್, 1943ರ ಮೇ ತಿಂಗಳು.

ನಾನು ಮಂಗಳೂರಿನವ. ವ್ಯಾಪಾರಿ ಹಡಗುಗಳ ಇಂಜಿನ್ ರೂಮಿನಲ್ಲೇ ವಯಸ್ಸು ಕಳೆದವ. ಹಾಗಾಗಿ ಈ ಯುದ್ಧವನ್ನು ಸೇನಾಪತಿಗಳ ನಕ್ಷೆಯಲ್ಲಿ ನೋಡಲು ನನಗೆ ಬರುವುದಿಲ್ಲ, ನೀರಿನ ಮಟ್ಟಕ್ಕಿಂತ ಕೆಳಗೆ ನಿಂತೇ ನೋಡುತ್ತೇನೆ. ನವಮಂಗಳೂರಿನಿಂದ ಕುದುರೆಮುಖದ ಅದಿರು ತುಂಬಿಕೊಂಡು ಹೋದ ಅನುಭವ ಇದೆ. ಅದಿರಿನ ಭಾರ ಎಷ್ಟೆಂದರೆ, ಹಡಗು ತನ್ನ ಪೂರ್ತಿ ಭಾರಕ್ಕೆ ಕುಳಿತಿದ್ದರೂ ಹೋಲ್ಡ್, ಅಂದರೆ ಸರಕು ತುಂಬುವ ಕೋಣೆಯ ಒಳಗೆ ಬಗ್ಗಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಕಾಣುತ್ತದೆ. ಆ ಖಾಲಿ ಜಾಗಕ್ಕೆ ನೀರು ನುಗ್ಗಿದರೆ ಮುಗಿಯಿತು. ಟಾರ್ಪಿಡೊ ಬಿದ್ದ ಅದಿರಿನ ಹಡಗುಗಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತಿದ್ದವು. ಅಂಥ ಹಡಗಿನ ಜನ ಕ್ಯಾಬಿನ್ ಬಿಟ್ಟು ಡೆಕ್ಕಿನ ಚಳಿಯಲ್ಲೇ ಲೈಫ್ ಜಾಕೆಟ್ ಹಾಕಿಕೊಂಡು ಮಲಗುತ್ತಿದ್ದರು. ಇಂಜಿನ್ ರೂಮಿನಲ್ಲಿ ವಾಚ್ (ಪಾಳಿ) ಇದ್ದವರಿಗೆ ಆ ದಾರಿಯೂ ಇಲ್ಲ. ಬಾಯ್ಲರ್ ಪಕ್ಕ, ಕಬ್ಬಿಣದ ಏಣಿ ಮೂರು ಅಂತಸ್ತು ಹತ್ತಬೇಕು, ದೀಪ ಮೊದಲೇ ಹೋಗಿರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ವ್ಯಾಪಾರಿ ಹಡಗುಗಳು ನಲವತ್ತು, ಐವತ್ತು ಒಟ್ಟಾಗಿ ಸಾಲು ಕಟ್ಟಿಕೊಂಡು ಹೋಗುತ್ತಿದ್ದವು, ಸುತ್ತ ಕೆಲವು ಯುದ್ಧನೌಕೆ ಕಾವಲು. ಇದಕ್ಕೆ ಕಾನ್‌ವಾಯ್ ಎನ್ನುತ್ತಾರೆ. ನಿಧಾನದ ಕಾನ್‌ವಾಯ್ ಏಳು ನಾಟ್, ಅಂದರೆ ಸೈಕಲ್ ತುಳಿದಷ್ಟು ವೇಗ. ಜರ್ಮನ್ ಸಬ್‌ಮರೀನ್ ನೀರಿನ ಮೇಲೆ ಓಡಿದರೆ ಹದಿನೇಳು ನಾಟ್. ಆದರೆ ನೀರೊಳಗೆ ಹೋದರೆ ಬ್ಯಾಟರಿಯಲ್ಲಿ ತೆವಳಬೇಕು. ಆಗ ಕಾನ್‌ವಾಯ್ ಹಿಂದೆ ಹೋಗಲು ಅದಕ್ಕೂ ಆಗುವುದಿಲ್ಲ. ಆದ್ದರಿಂದ ಜರ್ಮನ್ ಸಬ್‌ಮರೀನ್ ಪಡೆಯ ಮುಖ್ಯಸ್ಥ ಡೋನಿಟ್ಜ್ ಹೇಳಿಕೊಟ್ಟ ಉಪಾಯ ಇಷ್ಟು: ಒಂದು ಸಬ್‌ಮರೀನ್ ಕಾನ್‌ವಾಯ್ ಕಂಡರೆ ರೇಡಿಯೊದಲ್ಲಿ ತಿಳಿಸಬೇಕು, ಸುತ್ತಲಿನ ಇಪ್ಪತ್ತು ಮೂವತ್ತು ಕೂಡಿಕೊಳ್ಳಬೇಕು, ಕತ್ತಲಾದ ಮೇಲೆ ನೀರಿನ ಮೇಲೆಯೇ ನುಗ್ಗಿ ಹೊಡೆಯಬೇಕು.

ಹಗಲಲ್ಲಿ ತಲೆಯ ಮೇಲೆ ಒಂದು ವಿಮಾನ ಸುತ್ತುತ್ತಿದ್ದರೂ ಸಾಕು, ಸಬ್‌ಮರೀನ್ ನೀರೊಳಗೆ ಇಳಿಯಬೇಕು, ಹಿಂದೆ ಬೀಳಬೇಕು. ಆದರೆ ಕಡಲ ನಡುವೆ ಕೆನಡಾ, ಐಸ್‌ಲ್ಯಾಂಡ್, ಐರ್ಲೆಂಡ್ ಯಾವ ಕಡೆಯಿಂದ ಹೊರಟರೂ ವಿಮಾನ ಮುಟ್ಟದ ಒಂದು ಪಟ್ಟಿ ಉಳಿದಿತ್ತು. ಹೆಚ್ಚಿನ ಹಡಗುಗಳು ಸತ್ತದ್ದು ಅಲ್ಲಿ. ಅದನ್ನು ಮುಟ್ಟಬಲ್ಲ ಲಿಬರೇಟರ್ ಎಂಬ ನಾಲ್ಕು ಇಂಜಿನಿನ ವಿಮಾನ 1942ರಲ್ಲೇ ಇತ್ತು. ಬೇಕಾಗಿದ್ದದ್ದು ಕೆಲವೇ ಡಜನ್. ಜರ್ಮನ್ ನಗರಗಳ ಮೇಲೆ ಬಾಂಬ್ ಹಾಕುವವರು ದೂರ ಹಾರುವ ವಿಮಾನಗಳೂ ಹೊಸ ರೇಡಾರೂ ಮೊದಲು ತಮಗೇ ಬೇಕೆಂದು ಹಟ ಹಿಡಿದರು. ಆ ಹಟಕ್ಕೆ ಎಷ್ಟು ನಾವಿಕರು ಬಲಿಯಾದರು ಎಂದು ಯೋಚಿಸಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. 1942ರಲ್ಲಿ ಸಬ್‌ಮರೀನ್‌ಗಳು ಮುಳುಗಿಸಿದ ಹಡಗುಗಳು ಸಾವಿರಕ್ಕೂ ಹೆಚ್ಚು, ಅರುವತ್ತು ಲಕ್ಷ ಟನ್ನಿಗೂ ಮೇಲೆ.

1943ರ ಮಾರ್ಚ್‌ನಲ್ಲಿ ಎಚ್‌ಎಕ್ಸ್ 229, ಎಸ್‌ಸಿ 122 ಎಂಬ ಎರಡು ಕಾನ್‌ವಾಯ್‌ಗಳು ಆ ಪಟ್ಟಿಯಲ್ಲಿ ಒಂದಕ್ಕೊಂದು ಹತ್ತಿರ ಬಂದವು. ನಲವತ್ತರಷ್ಟು ಸಬ್‌ಮರೀನ್ ಮುತ್ತಿದವು. 22 ಹಡಗು ಹೋದವು, ಜರ್ಮನ್ನರು ಕಳೆದುಕೊಂಡದ್ದು ಒಂದೇ ಒಂದು. ಇನ್ನು ಕಾನ್‌ವಾಯ್ ಪದ್ಧತಿಯನ್ನೇ ಬಿಡಬೇಕೇನೋ ಎಂದು ಲಂಡನ್ನಿನಲ್ಲಿ ಯೋಚಿಸುವಷ್ಟು ಕೆಟ್ಟ ತಿಂಗಳು ಅದು. ಆಮೇಲೆ ಎರಡೇ ತಿಂಗಳಿಗೆ ಎಲ್ಲ ತಲೆಕೆಳಗಾಯಿತು.

ಹೇಗೆ ಎಂದು ನೋಡಿದರೆ ಹಲವು ಕೈಗಳ ಕೆಲಸ ಒಂದೇ ಹೊತ್ತಿಗೆ ಹಣ್ಣಾಯಿತು. ಲಿಬರೇಟರ್‌ಗಳು ಅಂತೂ ಬಂದವು. ಹತ್ತು ಸೆಂಟಿಮೀಟರ್ ಅಲೆಯ ರೇಡಾರ್ ಚಿಕ್ಕ ಕಾವಲು ನೌಕೆಗಳಿಗೂ ಸಿಕ್ಕಿತು. ಅದು ಕತ್ತಲಲ್ಲಿ, ಮಂಜಿನಲ್ಲಿ ನೀರಿನ ಮೇಲಿದ್ದ ಸಬ್‌ಮರೀನ್ ತೋರಿಸುತ್ತದೆ. ಜರ್ಮನ್ನರ ಬಳಿ ಆ ಅಲೆಯನ್ನು ಹಿಡಿಯುವ ಉಪಕರಣ ಇರಲಿಲ್ಲ. ಗುಟ್ಟಿನ ಸಂದೇಶ ಕಳುಹಿಸಲು ಅವರು ಬಳಸುತ್ತಿದ್ದ ಎನಿಗ್ಮಾ ಯಂತ್ರದ ಹೊಸ ನಾಲ್ಕು ಚಕ್ರದ ಸಂಕೇತ ಹತ್ತು ತಿಂಗಳು ಬಗೆಹರಿಯದೆ ಕೂತಿತ್ತು. 1942ರ ಅಕ್ಟೋಬರ್ 30ರ ರಾತ್ರಿ ಈಜಿಪ್ಟಿನ ಆಚೆ ಕಡಲಲ್ಲಿ ಯು-559 ಎಂಬ ಸಬ್‌ಮರೀನ್ ಮುಳುಗುತ್ತಿದ್ದಾಗ ಫ್ಯಾಸನ್, ಗ್ರೇಜಿಯರ್ ಎಂಬ ಇಬ್ಬರು ಬ್ರಿಟಿಷ್ ನಾವಿಕರು ಈಜಿ ಒಳಗೆ ಹೋಗಿ ಸಂಕೇತ ಪುಸ್ತಕಗಳನ್ನು ಎತ್ತಿ ಎತ್ತಿ ಕೊಟ್ಟರು. ಆ ಪುಸ್ತಕಗಳಿಂದಲೇ ಸಂಕೇತ ಮತ್ತೆ ಬಗೆಹರಿಯಿತು. ಆದರೆ ಇಬ್ಬರೂ ಹೊರಗೆ ಬರಲಿಲ್ಲ. ಮೇಲಿಂದ ಪುಸ್ತಕ ಹಿಡಿದು ಬದುಕುಳಿದ ಟಾಮಿ ಬ್ರೌನ್, ಹಡಗಿನ ಕ್ಯಾಂಟೀನಿನಲ್ಲಿ ಸಹಾಯಕ. ವಯಸ್ಸು ಹದಿನಾರು. ನಿಮ್ಮ ತರಗತಿಯ ಮಕ್ಕಳದ್ದೇ ವಯಸ್ಸು ಟೀಚರ್.

ನಿಮ್ಮ ಹುಡುಗಿಯರಿಗೆ ಹೇಳಲಿಕ್ಕೆ ಇನ್ನೊಂದು. ಲಿವರ್‌ಪೂಲಿನ ಒಂದು ಕೋಣೆಯಲ್ಲಿ ನೆಲಕ್ಕೆ ಲಿನೋಲಿಯಂ ಹಾಸಿ, ಅದರ ಮೇಲೆ ಸೀಮೆಸುಣ್ಣದಿಂದ ಹಡಗುಗಳ ದಾರಿ ಬರೆದು ಯುದ್ಧದಾಟ ಆಡುತ್ತಿದ್ದರು. ಕ್ಷಯರೋಗದಿಂದ ನೌಕಾಪಡೆ ಬಿಡಬೇಕಾಗಿ ಬಂದಿದ್ದ ಗಿಲ್ಬರ್ಟ್ ರಾಬರ್ಟ್ಸ್ ಅದರ ಮುಖ್ಯಸ್ಥ. ಜತೆಗಿದ್ದವರು ಶಾಲೆ ಬಿಟ್ಟು ಹೆಚ್ಚು ಕಾಲವಾಗದ ತರುಣಿಯರು. ಕಾನ್‌ವಾಯ್ ಒಳಗಿನಿಂದಲೇ ಸಬ್‌ಮರೀನ್ ಹೊಡೆಯುತ್ತದೆ, ಹೊಡೆದ ಮೇಲೆ ನೀರೊಳಗಿಳಿದು ಹಡಗುಗಳು ಮುಂದೆ ಹೋಗಲು ಬಿಡುತ್ತದೆ ಎಂಬುದನ್ನು ಅವರು ಆ ನೆಲದ ಮೇಲೆ ಕಂಡುಹಿಡಿದರು. ಕಾವಲು ನೌಕೆಗಳು ಎಲ್ಲೆಲ್ಲಿ ತಿರುಗಬೇಕೆಂದು ಲೆಕ್ಕ ಹಾಕಿ ಕೊಟ್ಟರು. ಸ್ವತಃ ಸಬ್‌ಮರೀನ್ ನಡೆಸಿದ್ದ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಆಟಕ್ಕೆ ಕೂತು ಜ್ಯಾನೆಟ್ ಓಕೆಲ್ ಎಂಬ ತರುಣಿಯ ಕೈಯಲ್ಲಿ ಮತ್ತೆ ಮತ್ತೆ ಸೋತ. ಸಾವಿರಾರು ಅಧಿಕಾರಿಗಳು ಅಲ್ಲಿ ಕಲಿತು ಕಡಲಿಗೆ ಹೋದರು.

ಮೇ ಮೊದಲ ವಾರ ಒಎನ್‌ಎಸ್ 5 ಎಂಬ ನಿಧಾನದ ಕಾನ್‌ವಾಯ್ ಬಿರುಗಾಳಿಗೆ ಚದುರಿಹೋಗಿತ್ತು. ಕಾವಲಿನ ನಾಯಕ ಪೀಟರ್ ಗ್ರೆಟನ್‌ನ ಡಿಸ್ಟ್ರಾಯರಿಗೆ ಆ ಅಲೆಯಲ್ಲಿ ಎಣ್ಣೆ ತುಂಬಿಸಿಕೊಳ್ಳಲು ಆಗದೆ ಅವನು ಬಿಟ್ಟುಹೋಗಬೇಕಾಯಿತು. ಟ್ಯಾಂಕ್ ಖಾಲಿಯಾಗಿ ಯುದ್ಧ ಬಿಟ್ಟು ಹೋಗುವ ಸಂಕಟ ಇಂಜಿನ್ ರೂಮಿನವರಿಗೆ ಗೊತ್ತು. ಸಬ್‌ಮರೀನ್‌ಗಳು ಹನ್ನೆರಡು, ಹದಿಮೂರು ಹಡಗು ಹೊಡೆದವು. ಮೇ 5ರ ಸಂಜೆ ಮಂಜು ಇಳಿಯಿತು. ಮಂಜಿನಲ್ಲಿ ಜರ್ಮನ್ನರು ಕುರುಡರು, ಕಾವಲಿನವರಿಗೆ ರೇಡಾರಿನ ಕಣ್ಣು. ಬೆಳಗಾಗುವುದರೊಳಗೆ ಆಟದ ದಿಕ್ಕೇ ಬೇರೆ. ಆ ಕಾನ್‌ವಾಯ್ ಮೇಲೆ ಬಿದ್ದವುಗಳಲ್ಲಿ ಆರು ಸಬ್‌ಮರೀನ್ ತಳ ಸೇರಿದವು. ಅದೇ ತಿಂಗಳು ಗ್ರೆಟನ್ ಕಾವಲಿನಲ್ಲಿ ಬಂದ ಎಸ್‌ಸಿ 130ರಲ್ಲಿ ಒಂದು ಹಡಗೂ ಹೋಗಲಿಲ್ಲ. ಅದರ ಬೆನ್ನು ಹತ್ತಿ ಮುಳುಗಿದ ಯು-954ರಲ್ಲಿ ಡೋನಿಟ್ಜ್‌ನ ಮಗ ಪೀಟರ್ ಇದ್ದ. ಮೇ ತಿಂಗಳೊಂದರಲ್ಲೇ 41 ಸಬ್‌ಮರೀನ್ ಹೋದವು. 24ಕ್ಕೆ ಡೋನಿಟ್ಜ್ ಉತ್ತರ ಅಟ್ಲಾಂಟಿಕ್‌ನಿಂದ ಉಳಿದವನ್ನು ಹಿಂದಕ್ಕೆ ಕರೆಸಿಕೊಂಡ.

ಇತ್ತ ಅಮೆರಿಕದಲ್ಲಿ ಲಿಬರ್ಟಿ ಎಂಬ ಸರಕು ಹಡಗುಗಳು ಒಂದರ ಹಿಂದೆ ಒಂದು ನೀರಿಗೆ ಇಳಿಯುತ್ತಿದ್ದವು, ಯುದ್ಧ ಮುಗಿಯುವಷ್ಟರಲ್ಲಿ 2,700ಕ್ಕೂ ಹೆಚ್ಚು. ಅದರ ಇಂಜಿನ್ ಆ ಕಾಲಕ್ಕೇ ಹಳೆಯದು: ಮೂರು ಸಿಲಿಂಡರಿನ ಸ್ಟೀಮ್ ಇಂಜಿನ್, 2,500 ಕುದುರೆಶಕ್ತಿ, ವೇಗ ಹನ್ನೊಂದು ನಾಟ್. ಒಳ್ಳೆಯ ಟರ್ಬೈನ್ ಎಲ್ಲ ಯುದ್ಧನೌಕೆಗೆ ಬೇಕಿತ್ತು. ಆದರೆ ಈ ಇಂಜಿನನ್ನು ಸಾಧಾರಣ ಕಾರ್ಖಾನೆಯೂ ಮಾಡಬಲ್ಲದು, ಸಾಧಾರಣ ಕೆಲಸಗಾರನೂ ನಡೆಸಬಲ್ಲ. ಓಡುತ್ತಿರುವಾಗಲೇ ಬೇರಿಂಗಿಗೆ ಕೈ ತಾಗಿಸಿ ಕಾವು ನೋಡುತ್ತಿದ್ದರು. ಕ್ರ್ಯಾಂಕ್ ಸುತ್ತು ಬರುವ ಲಯಕ್ಕೆ ಸರಿಯಾಗಿ ಅಂಗೈ ಹಾಕಿ ತೆಗೆಯಬೇಕು, ತಪ್ಪಿದರೆ ಕೈ ಹೋಯಿತು. ಹಳೆಯ ತಲೆಮಾರಿನ ಸಾರಂಗರೊಬ್ಬರು, ಅಂದರೆ ಖಲಾಸಿಗಳ ಮುಖಂಡರು, ಅದನ್ನು ನನಗೆ ಗಾಳಿಯಲ್ಲಿ ಕೈಯಾಡಿಸಿ ತೋರಿಸಿದ್ದರು.

ಸಾರಂಗ ಎಂದಾಗ ನೆನಪಿಸಲೇಬೇಕು. ಬ್ರಿಟಿಷ್ ಕಂಪನಿಗಳ ಹಡಗುಗಳಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಎಸೆದವರು, ಡೆಕ್ ತೊಳೆದವರು, ಅಡುಗೆ ಮಾಡಿದವರು ಸಾವಿರಾರು ಮಂದಿ ನಮ್ಮವರೇ: ಸಿಲ್ಹೆಟ್, ಪಂಜಾಬ್, ಗುಜರಾತ್, ಗೋವಾ ಕಡೆಯ ಖಲಾಸಿಗಳು, ಭಂಡಾರಿಗಳು. 1940ರ ಸೆಪ್ಟೆಂಬರಿನಲ್ಲಿ ಮುಳುಗಿದ ಸಿಟಿ ಆಫ್ ಬನಾರಸ್ ಹಡಗಿನ ಕಥೆಯನ್ನು ಇಂಗ್ಲೆಂಡಿನಲ್ಲಿ ಅದರಲ್ಲಿ ಸತ್ತ ಮಕ್ಕಳಿಗಾಗಿ ನೆನೆಯುತ್ತಾರೆ. ನೆನೆಯಬೇಕಾದದ್ದೇ. ಅದೇ ಹಡಗಿನ ಭಾರತೀಯ ಖಲಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತರು. ಇಡೀ ಯುದ್ಧದಲ್ಲಿ ಕಡಲಲ್ಲಿ ಹೋದ ಅವಿಭಜಿತ ಭಾರತದ ನಾವಿಕರು ಆರು ಸಾವಿರಕ್ಕೂ ಹೆಚ್ಚು. ಅವರ ಹೆಸರುಗಳ ಎರಡು ಒಂದೇ ರೀತಿಯ ಪುಸ್ತಕಗಳಿವೆ, ಒಂದು ಚಿತ್ತಗಾಂಗಿನಲ್ಲಿ, ಇನ್ನೊಂದು ಮುಂಬೈಯಲ್ಲಿ.

ಹಲಸೂರು ಸ್ಯಾಪರ್:

ಇಂಜಿನಿಯರ್ ಸಾಹೇಬರ ಬರಹ ಓದಿ ಮನಸ್ಸು ಭಾರವಾಯಿತು. ನಾನು ಮದ್ರಾಸ್ ಸ್ಯಾಪರ್ಸ್ ಎಂಬ ಸೇನೆಯ ಇಂಜಿನಿಯರ್ ದಳದವನು, ಊರು ಸೋಮವಾರಪೇಟೆ ಕಡೆ, ತರಬೇತಿ ಹಲಸೂರಿನಲ್ಲಿ. ಮೇಡಂ, ತಿರುವು ಎಂದರೆ ಯಾರ ಪಾಲಿಗೆ ಎಂದೂ ಕೇಳಿಕೊಳ್ಳಬೇಕು. ನಮ್ಮ ನೆಲದ ಪಾಲಿಗೆ ಯುದ್ಧ ತಿರುಗಿದ್ದು 1944ರಲ್ಲಿ, ಕೊಹಿಮಾ ಮತ್ತು ಇಂಫಾಲದಲ್ಲಿ. ಅದನ್ನು ಬಿಟ್ಟರೆ ಕರ್ನಾಟಕದ ಮಕ್ಕಳಿಗೆ ಈ ಪಾಠ ಬೇರೆ ಯಾರದೋ ಜಗಳ ಅನ್ನಿಸುತ್ತದೆ.

ನಾಗಾಲ್ಯಾಂಡಿನಲ್ಲಿ ಪೋಸ್ಟಿಂಗ್ ಇದ್ದಾಗ ಕೊಹಿಮಾದ ಯುದ್ಧ ಸ್ಮಶಾನಕ್ಕೆ ಹೋಗುತ್ತಿದ್ದೆ. ಅಲ್ಲಿ ಮೊದಲು ಡೆಪ್ಯುಟಿ ಕಮಿಷನರ ಬಂಗಲೆ, ಅದರ ಟೆನಿಸ್ ಅಂಕಣ ಇತ್ತು. ಅಂಕಣದ ಗೆರೆಗಳನ್ನು ಈಗಲೂ ಹುಲ್ಲಿನ ಮೇಲೆ ಗುರುತು ಮಾಡಿ ಇಟ್ಟಿದ್ದಾರೆ. 1944ರ ಏಪ್ರಿಲಿನಲ್ಲಿ ಆ ಅಂಕಣದ ಒಂದು ಬದಿಗೆ ಜಪಾನೀಯರ ಕಂದಕ, ಇನ್ನೊಂದು ಬದಿಗೆ ನಮ್ಮವರದು. ಗ್ರೆನೇಡ್ ಕೈಯಿಂದ ಎಸೆದರೆ ಬೀಳುವಷ್ಟು ದೂರ. ನಾನು ಒಂದು ಗೆರೆಯಿಂದ ಇನ್ನೊಂದಕ್ಕೆ ನಡೆದು ನೋಡಿದ್ದೇನೆ, ಮಾತು ಮುಗಿಸುವಷ್ಟರಲ್ಲಿ ಆಚೆ ತುದಿ ಬಂದುಬಿಡುತ್ತದೆ. ಮೇಲಿನ ಹಂತದಲ್ಲಿ ಅಗ್ನಿಸಂಸ್ಕಾರವಾದ 917 ಹಿಂದೂ, ಸಿಖ್ ಯೋಧರ ಹೆಸರುಗಳಿವೆ.

ಜಪಾನಿನ ಜನರಲ್ ಮುತಗುಚಿ ಸುಮಾರು 85,000 ಜನರನ್ನು ಮೂರು ವಾರದ ಪಡಿಯಷ್ಟೇ ಕೊಟ್ಟು ಬರ್ಮಾದಿಂದ ಕಾಡು ದಾಟಿಸಿದ. ದಾರಿಗೆಂದು ದನಗಳ ಹಿಂಡನ್ನೂ ಹೊಡೆದುಕೊಂಡು ಬಂದರು, ಅವು ಚಿಂದ್ವಿನ್ ನದಿಯಲ್ಲಿ, ಬೆಟ್ಟದ ದಾರಿಯಲ್ಲಿ ಸತ್ತವು. ಇಂಫಾಲದ ಉಗ್ರಾಣ ಹಿಡಿದು ಉಣ್ಣುತ್ತೇವೆ ಎಂಬುದು ಅವನ ಲೆಕ್ಕ. ಇಂಫಾಲ ಸಿಗಲಿಲ್ಲ. ನಮ್ಮ ಕಡೆ ಐದನೇ ಇಂಡಿಯನ್ ಡಿವಿಷನ್ ಅನ್ನು ಬರ್ಮಾ ತೀರದ ಅರಕಾನ್‌ನಿಂದ ಹೇಸರಗತ್ತೆ, ತೋಪು ಸಮೇತ ವಿಮಾನದಲ್ಲಿ ತಂದು ಇಳಿಸಿದರು. ರಸ್ತೆ ಮುಚ್ಚಿದ್ದಷ್ಟು ಕಾಲ ಇಂಫಾಲ ಬದುಕಿದ್ದು ಡಕೋಟಾ ವಿಮಾನಗಳಿಂದ. ಸ್ಟಾಲಿನ್‌ಗ್ರಾಡ್‌ನಲ್ಲಿ ಗೋರಿಂಗ್‌ಗೆ ಆಗದಿದ್ದದ್ದು ಇಲ್ಲಿ ಆಯಿತು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಅಮೆರಿಕದ ವಾಯುಪಡೆಯ ಕೈಯಲ್ಲಿತ್ತು. ಈ ಭಾಗದ ಯುದ್ಧದಲ್ಲಿ ಹಾರಿ ಸವೆದ ವಿಮಾನಗಳ ದುರಸ್ತಿ ಅಲ್ಲಿ ನಡೆಯುತ್ತಿತ್ತು. ಇದನ್ನು ಮಕ್ಕಳಿಗೆ ತಪ್ಪದೆ ಹೇಳಿ.

ಹಸಿವು ತಾಳಲಾಗದೆ ಜಪಾನಿ ಜನರಲ್ ಸಾತೋ ಅಪ್ಪಣೆ ಇಲ್ಲದೆಯೇ ತನ್ನ ಡಿವಿಷನ್ ಹಿಂತೆಗೆದ. ಜೂನ್ 22ಕ್ಕೆ 109ನೇ ಮೈಲಿಗಲ್ಲಿನ ಹತ್ತಿರ ಕೊಹಿಮಾ ಕಡೆಯ ಪಡೆ, ಇಂಫಾಲ ಕಡೆಯ ಪಡೆ ಸೇರಿದವು. ಜಪಾನಿ ಸೈನ್ಯಕ್ಕೆ ಅಲ್ಲಿಯವರೆಗೆ ನೆಲದ ಮೇಲೆ ಆಗಿದ್ದ ಅತಿ ದೊಡ್ಡ ಸೋಲು ಅದು. ಜಪಾನೀಯರ ಜತೆ ಬಂದಿದ್ದ ಆಜಾದ್ ಹಿಂದ್ ಫೌಜಿನ ನಮ್ಮ ಹುಡುಗರೂ ಅದೇ ಕಾಡಿನಲ್ಲಿ ಹಸಿವು, ಮಲೇರಿಯಾಕ್ಕೆ ಸತ್ತರು. ಎರಡೂ ಕಡೆ ನಮ್ಮವರೇ ಇದ್ದರು ಎಂಬುದನ್ನು ಮಕ್ಕಳ ಎದುರು ಮುಚ್ಚಿಡಬೇಡಿ. ಹೊರೆ ಹೊತ್ತು, ದಾರಿ ತೋರಿಸಿ, ಗಾಯಾಳುಗಳನ್ನು ಇಳಿಸಿದ ನಾಗಾ ಹಳ್ಳಿಗರನ್ನೂ ಮರೆಯಬೇಡಿ.

ಹೇಮಾವತಿ ತೀರ:

ಮೂವರಿಗೂ ಕೈಮುಗಿಯುತ್ತೇನೆ. ಟಾಮಿ ಬ್ರೌನ್, ಟೆನಿಸ್ ಅಂಕಣ, ಮಂಜಿನಲ್ಲಿ ಡಿಕ್ಕಿ ಹೊಡೆದ ವಿಮಾನ, ಮೂರೂ ತರಗತಿಗೆ ಹೋಗುತ್ತವೆ. ಇಂಜಿನಿಯರ್ ಸರ್‌ಗೆ ಒಂದು ಪ್ರಶ್ನೆ. ರಷ್ಯಾದಲ್ಲಿ ಸತ್ತವರೇ ಎರಡೂವರೆ ಕೋಟಿಯ ಹತ್ತಿರ. ಸ್ಟಾಲಿನ್‌ಗ್ರಾಡ್ ಗೆದ್ದಾಗ ಅಟ್ಲಾಂಟಿಕ್ ಇನ್ನೂ ತಿರುಗಿರಲಿಲ್ಲ. ಹಾಗಿದ್ದಮೇಲೆ ಅದನ್ನು ಹೇಗೆ ಎಲ್ಲಕ್ಕೂ ಎಳೆ ಎನ್ನುತ್ತೀರಿ?

ಎರಡನೇ ಇಂಜಿನಿಯರ್:

ನ್ಯಾಯವಾದ ಪ್ರಶ್ನೆ ಟೀಚರ್. ಸ್ಟಾಲಿನ್‌ಗ್ರಾಡ್ ರಷ್ಯನ್ನರು ಬಹುಮಟ್ಟಿಗೆ ತಮ್ಮ ಕೈಯಿಂದಲೇ ಗೆದ್ದದ್ದು. ಹೊರಗಿನ ಸಾಮಾನಿನ ಹೆಚ್ಚಿನ ಪಾಲು ಬಂದದ್ದು ಅದರ ನಂತರ. ಅಲ್ಲಿನ ರಕ್ತಕ್ಕೆ ಯಾವ ಹಡಗಿನ ಲೆಕ್ಕವೂ ಸಮವಲ್ಲ.

ಆದರೆ ವೋಲ್ಗಾ ದಂಡೆಯಲ್ಲಿ ಗೆದ್ದ ಸೈನ್ಯ ಬರ್ಲಿನ್ನಿಗೆ ನಡೆಯಬೇಕಾದ ದಾರಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಅಮೆರಿಕದಿಂದ ಸುಮಾರು ನಾಲ್ಕು ಲಕ್ಷ ಲಾರಿ, ಜೀಪು ಹೋದವು. ಸ್ಟುಡ್‌ಬೇಕರ್ ಲಾರಿಯ ಹೆಸರು ರಷ್ಯನ್ ಸೈನಿಕರ ಬಾಯಲ್ಲಿ ಮನೆಮಾತಾಗಿತ್ತು. 1944ರಲ್ಲಿ ಆ ಸೈನ್ಯ ಅಷ್ಟು ವೇಗವಾಗಿ ಓಡಿದ್ದು ಆ ಚಕ್ರಗಳ ಮೇಲೆ. ಅಲಮೈನ್‌ಗೂ ಹಾಗೇ. ಲಿಬಿಯಾದ ಟೊಬ್ರುಕ್ ಬಂದರು ಜರ್ಮನ್ನರ ಕೈಸೇರಿದ ಮೇಲೆ ಅಮೆರಿಕದಿಂದ 300 ಶೆರ್ಮನ್ ಟ್ಯಾಂಕು ಹೊರಟವು. ಮೆಡಿಟರೇನಿಯನ್ ಮುಚ್ಚಿದ್ದರಿಂದ ಆಫ್ರಿಕಾ ಸುತ್ತಿ ಸೂಯೆಜ್ ಮುಟ್ಟಿದವು. ಆಚೆ ಜರ್ಮನ್ ಸೇನಾಪತಿ ರೊಮ್ಮೆಲ್‌ಗೆ ಎಣ್ಣೆ ತರುತ್ತಿದ್ದ ಪ್ರೊಸೆರ್ಪಿನಾ ಎಂಬ ಟ್ಯಾಂಕರ್ ಕಾಳಗದ ನಡುವೆಯೇ ಟೊಬ್ರುಕ್ ಹತ್ತಿರ ಉರಿದುಹೋಯಿತು.

ಇದರಲ್ಲಿ ನಮಗೆ ತಟ್ಟಿದ ಒಂದು ಮುಖ ಇದೆ, ಅದನ್ನು ಯಾರೂ ಪಾಠದಲ್ಲಿ ಹೇಳುವುದಿಲ್ಲ. ಅಟ್ಲಾಂಟಿಕ್‌ನಲ್ಲಿ ಹಡಗುಗಳು ಹೋಗಿ ಹೋಗಿ ಬ್ರಿಟನ್ನಿನ ದಾಸ್ತಾನು ಇಳಿದಾಗ, 1943ರ ಜನವರಿಯಲ್ಲಿ ಚರ್ಚಿಲ್ ಹಿಂದೂ ಮಹಾಸಾಗರದಲ್ಲಿ ಓಡುತ್ತಿದ್ದ ಹಡಗುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅತ್ತ ತಿರುಗಿಸಿದ. ಬರ್ಮಾ ಜಪಾನಿನ ವಶವಾಗಿ ಅಲ್ಲಿಯ ಅಕ್ಕಿ ನಿಂತು ಆಗಲೇ ವರ್ಷವಾಗುತ್ತ ಬಂದಿತ್ತು. ಅದೇ ವರ್ಷ ಬಂಗಾಳದಲ್ಲಿ ಕ್ಷಾಮ, ಸತ್ತವರು ಮೂವತ್ತು ಲಕ್ಷದವರೆಗೆ. ಕ್ಷಾಮಕ್ಕೆ ಕಾರಣ ಹಲವು, ಹಡಗು ಒಂದೇ ಅಲ್ಲ. ಆದರೆ ದೆಹಲಿಯಿಂದ ಗೋಧಿಗಾಗಿ ಮತ್ತೆ ಮತ್ತೆ ಕೇಳಿದಾಗ ಲಂಡನ್ ಕೊಟ್ಟ ಉತ್ತರ ಹಡಗಿಲ್ಲ ಎಂಬುದು. ಮೇ ತಿಂಗಳ ನಂತರ ಅಟ್ಲಾಂಟಿಕ್ ತಿಳಿಯಾಗಿತ್ತು, ಹೊಸ ಹಡಗುಗಳು ವಾರವಾರವೂ ಬರುತ್ತಿದ್ದವು. ಆಗಲೂ ಸಾಕಷ್ಟು ಕಳುಹಿಸಲಿಲ್ಲ. ಅದನ್ನು ನಾನು ಯುದ್ಧದ ಅನಿವಾರ್ಯ ಎಂದು ಒಪ್ಪುವುದಿಲ್ಲ.

ತರಗತಿಯಲ್ಲಿ ಒಂದು ಪ್ರಪಂಚದ ನಕ್ಷೆ ತೂಗುಹಾಕಿ. ಯುದ್ಧಗಳಿಗೆ ಗುರುತು ಹಾಕುವ ಮೊದಲು ಹಡಗಿನ ದಾರಿಗಳನ್ನು ಮಕ್ಕಳ ಕೈಯಲ್ಲೇ ಎಳೆಸಿ: ಹ್ಯಾಲಿಫ್ಯಾಕ್ಸಿನಿಂದ ಲಿವರ್‌ಪೂಲ್, ಐಸ್‌ಲ್ಯಾಂಡಿನಿಂದ ಮುರ್ಮನ್‌ಸ್ಕ್, ನ್ಯೂಯಾರ್ಕಿನಿಂದ ಆಫ್ರಿಕಾ ಸುತ್ತಿ ಸೂಯೆಜ್ ಮತ್ತು ಇರಾನಿನ ಬಂದರುಗಳು, ಅಮೆರಿಕದ ಪಶ್ಚಿಮ ತೀರದಿಂದ ವ್ಲಾದಿವೋಸ್ತೋಕ್, ರಂಗೂನಿನಿಂದ ಕಲ್ಕತ್ತಾ. ಆಮೇಲೆ 1942ರಲ್ಲಿ ಯಾವ ಯಾವ ಗೆರೆ ಕಡಿದಿತ್ತು, 1943ರ ಕೊನೆಗೆ ಯಾವುದು ಮತ್ತೆ ತೆರೆಯಿತು ಎಂದು ಅವರನ್ನೇ ಕೇಳಿ. ಕೊನೆಯ ಗೆರೆ ಮಾತ್ರ 1945ರವರೆಗೂ ಕಡಿದೇ ಇತ್ತು.